ಬೇಡವೆನ್ನುವ ಶಕ್ತಿ

ಮೇಜಿನ ಮೇಲೆ ನೀರು ತುಂಬಿದ ಹೂಜಿ ಇದೆ, ಪಕ್ಕದಲ್ಲಿ ಒಂದು ಲೋಟ ಇದೆ. ಎದುರಿಗೆ ಕುಳಿತವನಿಗೆ ಬಾಯಾರಿಕೆಯಿಲ್ಲ. ಕುಡಿ ಎಂದು ಯಾರೂ ಹೇಳಿಲ್ಲ. ಆದರೂ ಅವನು ಹೂಜಿಯನ್ನೆತ್ತಿ ಲೋಟಕ್ಕೆ ನೀರು ಬಗ್ಗಿಸಿ ಕುಡಿಯುತ್ತಾನೆ. ಒಂದು ಕನ್ನಡಕ ಕೊಟ್ಟರೆ ಮೂಗಿನ ಮೇಲೆ ಏರಿಸುತ್ತಾನೆ. ಎರಡನೆಯ ಕನ್ನಡಕ ಕೊಟ್ಟರೆ ಮೊದಲನೆಯದನ್ನು ತೆಗೆಯದೆ ಅದರ ಮೇಲೆಯೇ ಹಾಕಿಕೊಳ್ಳುತ್ತಾನೆ. ಮೂರನೆಯದು ಬಂದರೆ ಅದಕ್ಕೂ ಅಲ್ಲಿಯೇ ಜಾಗ.

ಇದು ಪ್ರಹಸನದ ದೃಶ್ಯವಲ್ಲ. ಪ್ಯಾರಿಸಿನ ಸಾಲ್‌ಪೆಟ್ರಿಯೇರ್ ಆಸ್ಪತ್ರೆಯ ನರರೋಗತಜ್ಞ ಫ್ರಾನ್ಸ್ವಾ ಲೆರ್ಮಿತ್ 1983ರಲ್ಲಿ ‘ಬ್ರೇನ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬರೆದ ಲೇಖನದ ವಿಷಯ. ಹಣೆಯ ಹಿಂದಿರುವ ಮೆದುಳಿನ ಭಾಗಕ್ಕೆ, ಅಂದರೆ ಮುಂಭಾಗದ ಹಾಲೆಗೆ, ಗಡ್ಡೆಯಿಂದಲೋ ರಕ್ತಸ್ರಾವದಿಂದಲೋ ಪೆಟ್ಟಾದ ಕೆಲವರಲ್ಲಿ ಅವರು ಈ ವರ್ತನೆಯನ್ನು ಕಂಡರು. ವಸ್ತು ಕಣ್ಣಿಗೆ ಬಿದ್ದರೆ, ಕೈಗೆ ತಾಗಿದರೆ ಸಾಕು, ಅದನ್ನು ಬಳಸದೆ ಅವರಿಂದ ಇರಲಾಗುವುದಿಲ್ಲ. ಲೆರ್ಮಿತ್ ಇದಕ್ಕೆ ‘ಯುಟಿಲೈಸೇಶನ್ ಬಿಹೇವಿಯರ್’ ಎಂದು ಹೆಸರಿಟ್ಟರು. ನಾವು ‘ಬಳಕೆಯ ವರ್ತನೆ’ ಎನ್ನಬಹುದು. ಹೆಸರು ಸಪ್ಪೆಯಾಗಿದೆ. ಆದರೆ ಅದರ ಹಿಂದಿರುವ ಪ್ರಶ್ನೆ ಸಪ್ಪೆಯದಲ್ಲ. ನೀರು ಕುಡಿದವನು ಯಾರು? ಅವನ ಕೈ, ಅವನ ಬಾಯಿ, ಅವನ ಗಂಟಲು ಎಂಬುದರಲ್ಲಿ ಅನುಮಾನವಿಲ್ಲ. ಕುಡಿಯುವ ಕೆಲಸವನ್ನು ಅವನು ತಪ್ಪಿಲ್ಲದೆ ಮಾಡಿದ್ದಾನೆ, ಒಂದು ಹನಿಯೂ ಚೆಲ್ಲಿಲ್ಲ. ಆದರೆ ಅದು ಅವನು ಮಾಡಿದ ಕೆಲಸವೇ, ಅಥವಾ ಅವನಲ್ಲಿ ಆದ ಕೆಲಸವೇ?

ಇಲ್ಲಿ ಒಂದು ವಿಶೇಷವನ್ನು ಗಮನಿಸಬೇಕು. ಮೆದುಳಿನ ಬೇರೆ ಕೆಲವು ಪೆಟ್ಟುಗಳಲ್ಲಿ ಒಂದು ಕೈ ಯಜಮಾನನ ಮಾತು ಕೇಳದೆ ತನ್ನಷ್ಟಕ್ಕೆ ವರ್ತಿಸುವುದುಂಟು. ಬಲಗೈ ಹಾಕಿದ ಗುಂಡಿಯನ್ನು ಎಡಗೈ ಬಿಚ್ಚುತ್ತದೆ. ಅಂಥ ರೋಗಿಗೆ ಅದು ದೊಡ್ಡ ಕಿರುಕುಳ. ಅವನು ಆ ಕೈಯನ್ನು ಬೈಯುತ್ತಾನೆ, ಇನ್ನೊಂದು ಕೈಯಿಂದ ಹಿಡಿದಿಡುತ್ತಾನೆ, ಇದು ನನ್ನದಲ್ಲ ಎನ್ನುತ್ತಾನೆ. ಅಲ್ಲಿ ಮನೆಯೊಳಗೆ ಕಳ್ಳ ಹೊಕ್ಕಿದ್ದಾನೆ, ಆದರೆ ಮನೆಯ ಯಜಮಾನ ಎಚ್ಚರವಾಗಿದ್ದಾನೆ. ಲೆರ್ಮಿತ್ ಅವರ ರೋಗಿಗಳಲ್ಲಿ ಈ ಜಗಳವೇ ಇಲ್ಲ. ಯಾಕೆ ಹಾಗೆ ಮಾಡಿದಿರಿ ಎಂದು ಕೇಳಿದರೆ ಅವರು ಕಸಿವಿಸಿಗೊಳ್ಳುವುದಿಲ್ಲ. ನೀವು ವಸ್ತುವನ್ನು ನನ್ನ ಮುಂದೆ ಹಿಡಿದಿರಿ, ಬಳಸಬೇಕೆಂದು ತಿಳಿದುಕೊಂಡೆ ಎಂಬರ್ಥದ ಉತ್ತರ ಬರುತ್ತದೆ. ಮಾಡಿದ್ದಕ್ಕೆ ಕಾರಣವನ್ನು ಆಮೇಲೆ ಹುಡುಕಿಕೊಟ್ಟಂತಿದೆ ಅದು.

ಈ ಉತ್ತರವನ್ನೇ ಹಿಡಿದು ಒಂದು ಆಕ್ಷೇಪ ಎತ್ತಬಹುದು. ವೈದ್ಯರು ಒಂದು ವಸ್ತುವನ್ನು ರೋಗಿಯ ಕೈಗೆ ಕೊಟ್ಟರೆ, ಇದನ್ನು ಬಳಸಿ ತೋರಿಸು ಎಂದು ಹೇಳಿದಂತೆಯೇ ಅಲ್ಲವೆ? ವೈದ್ಯರ ಮುಂದೆ ನಾವೆಲ್ಲ ವಿಧೇಯರೇ. ಇಂಗ್ಲೆಂಡಿನ ಟಿಮ್ ಶಾಲಿಸ್ ಮತ್ತು ಸಂಗಡಿಗರು ಈ ಸಂದೇಹವನ್ನು ಗಂಭೀರವಾಗಿ ತೆಗೆದುಕೊಂಡು 1989ರಲ್ಲಿ ಅದೇ ಪತ್ರಿಕೆಯಲ್ಲಿ ಬರೆದರು. ಅವರು ವಸ್ತುಗಳನ್ನು ರೋಗಿಯ ಕೈಗೆ ಕೊಡಲಿಲ್ಲ. ಸುಮ್ಮನೆ ಮೇಜಿನ ಮೇಲೆ ಬಿಟ್ಟು, ರೋಗಿಗೆ ಬೇರೆಯೇ ಒಂದು ಪರೀಕ್ಷೆ ಒಡ್ಡಿದರು. ಒಪ್ಪಿಸಿದ ಕೆಲಸ ಒಂದು ಕಡೆ ನಡೆಯುತ್ತಿರುವಾಗಲೇ ರೋಗಿಯ ಕೈ ಮೇಜಿನ ವಸ್ತುವಿನತ್ತ ಹೋಗಿ ಅದನ್ನು ಬಳಸತೊಡಗುತ್ತಿತ್ತು. ಇದು ವೈದ್ಯರ ಮಾತಿಗೆ ತೋರಿದ ವಿಧೇಯತೆ ಆಗಲಾರದು. ವಿಧೇಯತೆ ಇದ್ದರೆ ಅದು ವಸ್ತುವಿಗೆ.

1986ರಲ್ಲಿ ಲೆರ್ಮಿತ್ ಇನ್ನೂ ಮುಂದೆ ಹೋದರು. ಆಸ್ಪತ್ರೆಯ ಮೇಜನ್ನು ಬಿಟ್ಟು, ಇಬ್ಬರು ರೋಗಿಗಳನ್ನು ದೈನಂದಿನ ಬದುಕಿನ ಸನ್ನಿವೇಶಗಳಿಗೆ ಒಯ್ದು ನೋಡಿದರು. ಒಂದು ಮನೆಯೊಳಗೆ ಹೋಗುವ ಮುನ್ನ ‘ಮ್ಯೂಸಿಯಂ’ ಎಂಬ ಒಂದೇ ಶಬ್ದ ಹೇಳಿದರೆ ಸಾಕು, ರೋಗಿ ಗೋಡೆಯ ಚಿತ್ರಗಳನ್ನು ಒಂದೊಂದಾಗಿ ಪರಿಶೀಲಿಸುತ್ತ ನಡೆಯುತ್ತಿದ್ದ. ಹೊದಿಕೆಯನ್ನು ಮಡಚಿ ಸಿದ್ಧವಾಗಿಟ್ಟ ಹಾಸಿಗೆ ಕಂಡರೆ ಬಟ್ಟೆ ಕಳಚಿ ಮಲಗಲು ಹೊರಡುತ್ತಿದ್ದ. ವೈದ್ಯಕೀಯ ಸಲಕರಣೆ ಎದುರಿಗಿದ್ದರೆ ರೋಗಿಯೇ ವೈದ್ಯರನ್ನು ಪರೀಕ್ಷಿಸತೊಡಗುವುದೂ ಇತ್ತು. ಇದನ್ನು ಲೆರ್ಮಿತ್ ‘ಪರಿಸರ ಪರಾಧೀನತೆ’ ಎಂದು ಕರೆದರು. ಅವರ ವಿವರಣೆ ಹೀಗೆ: ತಲೆಯ ಹಿಂಬದಿಯತ್ತ ಇರುವ ಪಾರ್ಶ್ವದ ಹಾಲೆ ನಮ್ಮನ್ನು ಹೊರಜಗತ್ತಿನತ್ತ ಎಳೆಯುತ್ತದೆ, ಕಂಡದ್ದನ್ನು ಹಿಡಿ, ಬಳಸು ಎನ್ನುತ್ತದೆ. ಹಣೆಯ ಹಿಂದಿನ ಹಾಲೆ ಅದನ್ನು ತಡೆದು ನಿಲ್ಲಿಸುತ್ತದೆ. ಈಗ ಬೇಕೇ, ಇಲ್ಲಿ ಬೇಕೇ, ನನಗೆ ಬೇಕೇ ಎಂದು ಕೇಳುತ್ತದೆ. ತಡೆಯುವವನು ಹೋದರೆ ಎಳೆತವೊಂದೇ ಉಳಿಯುತ್ತದೆ.

ಇದೆಲ್ಲ ರೋಗಿಗಳ ಸಂಗತಿ, ನಮಗೇನು ಎಂದು ಕೇಳುವವರಿಗೆ ವಿಲಿಯಂ ಜೇಮ್ಸ್ ಉತ್ತರ ಕೊಟ್ಟಿದ್ದಾನೆ. 1890ರಲ್ಲಿ ಪ್ರಕಟವಾದ ಮನಶ್ಶಾಸ್ತ್ರದ ತನ್ನ ಮಹಾಗ್ರಂಥದಲ್ಲಿ ಅವನು ದಿನನಿತ್ಯದ ಉದಾಹರಣೆಗಳನ್ನು ಕೊಡುತ್ತಾನೆ. ಊಟ ಮುಗಿದಿದೆ, ಹೊಟ್ಟೆ ತುಂಬಿದೆ, ಮಾತು ಸಾಗಿದೆ. ಆದರೂ ಕೈ ತಟ್ಟೆಯಲ್ಲಿರುವ ಒಣದ್ರಾಕ್ಷಿಯನ್ನು ಎತ್ತಿ ಬಾಯಿಗೆ ಹಾಕುತ್ತಲೇ ಇರುತ್ತದೆ. ಮರೆಗುಳಿಯೊಬ್ಬ ರಾತ್ರಿಯ ಔತಣಕ್ಕೆ ಬಟ್ಟೆ ಬದಲಿಸಲೆಂದು ಕೋಣೆಗೆ ಹೋಗಿ, ಒಂದೊಂದೇ ಬಟ್ಟೆ ಕಳಚುತ್ತ ಕೊನೆಗೆ ಹಾಸಿಗೆಗೇ ಸೇರಿಬಿಡುತ್ತಾನೆ. ಪ್ಯಾರಿಸಿನ ರೋಗಿಗೂ ಈ ಮರೆಗುಳಿಗೂ ನಡುವೆ ಇರುವ ಅಂತರ ಎಷ್ಟು? ಮರೆಗುಳಿ ಮಲಗಿದ ಮೇಲಾದರೂ ಬೆಚ್ಚಿ ಎದ್ದು ಕೂರುತ್ತಾನೆ, ಅಯ್ಯೋ ಎನ್ನುತ್ತಾನೆ. ರೋಗಿಗೆ ಆ ‘ಅಯ್ಯೋ’ ಬರುವುದಿಲ್ಲ. ಅಂತರವಿರುವುದು ಅಷ್ಟರಲ್ಲಿ, ಆದರೆ ಅದು ಸಣ್ಣ ಅಂತರವಲ್ಲ.

ನಮ್ಮ ಗಡಿನಾಡಿನವರಿಗೆ ಇದಕ್ಕಿಂತ ಹತ್ತಿರದ ಉದಾಹರಣೆಯೊಂದಿದೆ, ಅದು ನಮ್ಮ ನಾಲಿಗೆ. ಕಾಸರಗೋಡಿನ ಬಸ್ಸಿನಲ್ಲಿ, ಅಂಗಡಿಯಲ್ಲಿ, ಕಚೇರಿಯಲ್ಲಿ ಎದುರಿಗಿರುವ ಮುಖ ನೋಡಿಯೇ ನಮ್ಮ ನಾಲಿಗೆ ಕನ್ನಡಕ್ಕೋ ಮಲಯಾಳಕ್ಕೋ ತುಳುವಿಗೋ ತಿರುಗಿಕೊಳ್ಳುತ್ತದೆ. ಈಗ ಮಲಯಾಳದಲ್ಲಿ ಮಾತಾಡೋಣ ಎಂದು ತೀರ್ಮಾನಿಸಿ ಯಾರೂ ಬಾಯಿ ತೆರೆಯುವುದಿಲ್ಲ. ಕಂಡಕ್ಟರನ ಮುಖವೇ ಭಾಷೆಯನ್ನು ನಮ್ಮಿಂದ ಹೊರಗೆ ಎಳೆಯುತ್ತದೆ. ಹಾಗೆ ಎಳೆಯುವಾಗಲೂ ತಡೆಯುವವನೊಬ್ಬ ಒಳಗೆ ಇದ್ದಾನೆ ಎಂಬುದು ಅವನು ಕೆಟ್ಟಾಗ ಮಾತ್ರ ತಿಳಿಯುತ್ತದೆ. 2000ನೇ ಇಸವಿಯಲ್ಲಿ ಫ್ರಾಂಕೊ ಫಾಬ್ರೊ ಮತ್ತು ಸಂಗಡಿಗರು ಇಂಥ ಒಬ್ಬ ರೋಗಿಯನ್ನು ವರ್ಣಿಸಿದರು. ಅವನ ಎರಡು ಭಾಷೆಗಳು ಇಟಾಲಿಯನ್ ಮತ್ತು ಫ್ರಿಯುಲಿಯನ್. ಎರಡನೆಯದು ಇಟಲಿಯ ಈಶಾನ್ಯ ಗಡಿಯ ಭಾಷೆ. ಮೆದುಳಿನ ಮುಂಭಾಗಕ್ಕೆ ಪೆಟ್ಟಾದ ಮೇಲೆ ಅವನು ಇಟಾಲಿಯನ್ ಮಾತ್ರ ಬಲ್ಲವರ ಮುಂದೆಯೂ ಫ್ರಿಯುಲಿಯನ್‌ಗೆ ಜಾರಿಬಿಡುತ್ತಿದ್ದ. ಎರಡು ಭಾಷೆಗಳ ವ್ಯಾಕರಣವೂ ಶಬ್ದಗಳೂ ಸರಿಯಾಗಿಯೇ ಇದ್ದವು. ತಾನು ತಪ್ಪು ಭಾಷೆ ಆಡುತ್ತಿದ್ದೇನೆ ಎಂಬುದೂ ಅವನಿಗೆ ತಿಳಿದಿತ್ತು. ಕ್ಷಮೆ ಕೇಳುತ್ತಿದ್ದ, ಮತ್ತೆ ಜಾರುತ್ತಿದ್ದ. ಕನ್ನಡಕದ ಮೇಲೆ ಕನ್ನಡಕ ಹಾಕಿಕೊಂಡವನಿಗಿಂತ ಇವನ ಕಷ್ಟ ಬೇರೆ. ಅವನಲ್ಲಿ ತಡೆಯೂ ಇಲ್ಲ, ತಡೆಯಬೇಕೆಂಬ ಅರಿವೂ ಇಲ್ಲ. ಇವನಲ್ಲಿ ಅರಿವು ಉಂಟು, ತಡೆ ಇಲ್ಲ.

ಅರಿವಿಗೂ ನಡೆಗೂ ನಡುವಿನ ಈ ಬಿರುಕು ನಮಗೆ ಹೊಸದಲ್ಲ. ಪಾರ್ತಿಸುಬ್ಬನ ನಾಡಿನವರಾದ ನಾವು ತಾಳಮದ್ದಳೆಯ ರಾತ್ರಿಗಳಲ್ಲಿ ಇದನ್ನು ಕೇಳುತ್ತ ಬೆಳೆದಿದ್ದೇವೆ. ಧರ್ಮ ಯಾವುದೆಂದು ಗೊತ್ತಿದ್ದೂ ಅದರತ್ತ ಮನಸ್ಸು ಹೋಗದ ದುರ್ಯೋಧನನ ಪರವಾಗಿ ಒಳ್ಳೆಯ ಅರ್ಥಧಾರಿಯೊಬ್ಬ ವಾದಿಸಿದರೆ, ಬೆಳಗಾಗುವಷ್ಟರಲ್ಲಿ ಕೇಳುಗರಿಗೆ ಅವನ ಮೇಲೆ ಅರ್ಧ ಕನಿಕರ ಬಂದಿರುತ್ತದೆ. ಗ್ರೀಸಿನ ಅರಿಸ್ಟಾಟಲನೂ ಸಂಕಲ್ಪದ ದೌರ್ಬಲ್ಯವೆಂದು ಇದನ್ನೇ ಚರ್ಚಿಸಿದ್ದಾನೆ. ಆದರೆ ಈ ಚರ್ಚೆಗಳಲ್ಲೆಲ್ಲ ಒಂದು ಬಯಕೆ ಇದೆ. ದುರ್ಯೋಧನನಿಗೆ ರಾಜ್ಯ ಬೇಕು; ಸಂಯಮವಿಲ್ಲದವನಿಗೆ ಸಿಹಿ ಬೇಕು. ಬಯಕೆ ಬುದ್ಧಿಯನ್ನು ಗೆದ್ದಿತು ಎನ್ನುತ್ತೇವೆ. ಲೆರ್ಮಿತ್ ಅವರ ರೋಗಿಯಲ್ಲಿ ಗೆದ್ದ ಬಯಕೆ ಯಾವುದು? ಅವನಿಗೆ ಬಾಯಾರಿಕೆಯೇ ಇಲ್ಲ. ಮೂರನೆಯ ಕನ್ನಡಕದ ಆಸೆ ಯಾರಿಗಿರುತ್ತದೆ?

ಇಲ್ಲಿ ನಮ್ಮ ನೈಯಾಯಿಕರು ಹೆಚ್ಚು ಸಹಾಯಕ್ಕೆ ಬರುತ್ತಾರೆ. ಅವರ ಪ್ರಕಾರ ಕ್ರಿಯೆ ಹುಟ್ಟುವ ಕ್ರಮವೊಂದಿದೆ: ಮೊದಲು ಜ್ಞಾನ, ಅದರಿಂದ ಇಚ್ಛೆ, ಇಚ್ಛೆಯಿಂದ ಪ್ರಯತ್ನ, ಪ್ರಯತ್ನದಿಂದ ಚೇಷ್ಟೆ. ಆ ಮೊದಲ ಜ್ಞಾನವನ್ನೂ ಅವರು ಬಿಡಿಸಿ ನೋಡಿದರು. ಇದು ನನ್ನ ಪ್ರಯತ್ನದಿಂದ ಆಗುವಂಥದ್ದು ಎಂಬ ತಿಳಿವಳಿಕೆ ಒಂದು. ಇದರಿಂದ ನನಗೆ ಇಷ್ಟವಾದದ್ದು ಸಿಗುತ್ತದೆ ಎಂಬ ತಿಳಿವಳಿಕೆ ಇನ್ನೊಂದು. ಎರಡೂ ಕೂಡಿದರೆ ಮಾತ್ರ ಮನುಷ್ಯ ಕೆಲಸಕ್ಕೆ ತೊಡಗುತ್ತಾನೆ. ಚಂದ್ರನನ್ನು ಹಿಡಿಯುವುದು ಇಷ್ಟವಾದರೂ ನಮ್ಮಿಂದ ಆಗುವುದಿಲ್ಲ, ಆದ್ದರಿಂದ ತೊಡಗುವುದಿಲ್ಲ. ವಿಷ ಕುಡಿಯುವುದು ನಮ್ಮಿಂದ ಆಗುತ್ತದೆ, ಆದರೆ ಇಷ್ಟಸಾಧನವಲ್ಲ, ಆದ್ದರಿಂದ ತೊಡಗುವುದಿಲ್ಲ. ನಮ್ಮ ರೋಗಿಯಲ್ಲಿ ಕೆಟ್ಟದ್ದು ಯಾವುದೆಂದು ಈಗ ಸ್ಪಷ್ಟವಾಗುತ್ತದೆ. ‘ಇದು ನನ್ನಿಂದ ಆಗುತ್ತದೆ’ ಎಂಬ ಮೊದಲ ತಿಳಿವಳಿಕೆ ಅವನಲ್ಲಿ ಚೆನ್ನಾಗಿಯೇ ಉಳಿದಿದೆ. ‘ಇದು ನನಗೆ ಬೇಕೇ’ ಎಂಬ ಎರಡನೆಯದು ಕೇಳಲ್ಪಡುವುದೇ ಇಲ್ಲ. ಜ್ಞಾನದಿಂದ ನೇರವಾಗಿ ಚೇಷ್ಟೆಗೆ ಹಾದಿ ಬಿದ್ದಿದೆ; ನಡುವಿನ ಇಚ್ಛೆಯೆಂಬ ಕಟ್ಟೆ ಒಡೆದಿದೆ.

ಕಠೋಪನಿಷತ್ತಿನ ರಥದ ರೂಪಕ ಎಲ್ಲರಿಗೂ ಗೊತ್ತು. ದೇಹ ರಥ, ಬುದ್ಧಿ ಸಾರಥಿ, ಮನಸ್ಸು ಲಗಾಮು, ಇಂದ್ರಿಯಗಳು ಕುದುರೆಗಳು. ವಿಷಯವಸ್ತುಗಳನ್ನು ಅಲ್ಲಿ ಏನೆಂದು ಕರೆದಿದೆ ಎಂಬುದನ್ನು ಮಾತ್ರ ನಾವು ಮರೆಯುತ್ತೇವೆ. ವಸ್ತುಗಳು ಕುದುರೆಗಳು ಓಡುವ ದಾರಿಗಳು. ಈ ಮಾತು ಬಹಳ ಅರ್ಥವತ್ತಾದದ್ದು. ಸಂಯಮದ ಕುರಿತು ಉಪನ್ಯಾಸ ಮಾಡುವವರು ಹುಚ್ಚೆದ್ದ ಕುದುರೆಗಳ ಚಿತ್ರವನ್ನೇ ಕೊಡುತ್ತಾರೆ. ಪ್ಯಾರಿಸಿನ ರೋಗಿಯ ಕುದುರೆಗಳಿಗೆ ಹುಚ್ಚು ಹಿಡಿದಿಲ್ಲ. ಅವು ಶಾಂತವಾಗಿ, ಕ್ರಮವಾಗಿ, ಎದುರಿಗೆ ಕಂಡ ದಾರಿಯಲ್ಲಿ ನಡೆಯುತ್ತವೆ. ಎಲ್ಲಿಗೆ ಎಂದು ಕೇಳುವವನಿಲ್ಲ, ಅಷ್ಟೆ. ದಾರಿ ಎಲ್ಲಿಗೆ ಹೋಗುತ್ತದೋ ರಥವೂ ಅಲ್ಲಿಗೆ.

ಹಾಗಾದರೆ ಬಯಕೆಯಿಲ್ಲದೆ ಕೆಲಸ ಮಾಡುವ ಇವನು ನಿಷ್ಕಾಮ ಕರ್ಮಿಯೇ ಎಂದು ಒಬ್ಬ ಸ್ನೇಹಿತರು ನನ್ನನ್ನು ಕೆಣಕಿದರು. ಕೆಣಕುವ ಪ್ರಶ್ನೆಯಾದರೂ ಉತ್ತರ ಹೇಳಬೇಕಾದದ್ದೇ. ಗೀತೆ ಬಿಡಲು ಹೇಳುವುದು ಫಲದ ಆಸೆಯನ್ನು. ಯಾವುದು ಮಾಡತಕ್ಕದ್ದು, ಯಾವುದು ಅಲ್ಲ ಎಂಬ ವಿವೇಕವನ್ನಲ್ಲ. ಬಯಕೆ ಇಲ್ಲದಿರುವುದು ತಾನೇ ಒಂದು ಗುಣವಾಗಿದ್ದರೆ ಗಾಳಿಗೆ ತಿರುಗುವ ಗಾಳಿಪಟವೂ ಯೋಗಿಯಾಗಬೇಕಿತ್ತು. ಬಯಕೆ ಉಂಟಾಗಿ, ಅದನ್ನು ಕಂಡು, ಬದಿಗಿಟ್ಟವನಿಗೆ ಮಾತ್ರ ಆ ಹೆಸರು ಸಲ್ಲುತ್ತದೆ. ಅಮೆರಿಕದ ಹ್ಯಾರಿ ಫ್ರಾಂಕ್‌ಫರ್ಟ್ 1971ರ ಒಂದು ಪ್ರಬಂಧದಲ್ಲಿ ಇದೇ ಮಾತನ್ನು ಇನ್ನೊಂದು ಬಗೆಯಲ್ಲಿ ಹೇಳಿದರು. ಬಯಕೆಗಳು ಪ್ರಾಣಿಗಳಿಗೂ ಉಂಟು. ತನ್ನ ಬಯಕೆಯ ಕುರಿತೇ ಇನ್ನೊಂದು ಬಯಕೆ ಇರುವುದು, ನನಗೆ ಈ ಆಸೆ ಇರಬಾರದಿತ್ತು ಎನ್ನಬಲ್ಲದ್ದು, ಮನುಷ್ಯನ ಲಕ್ಷಣ.

ಕುತೂಹಲದ ಸಂಗತಿ ಒಂದಿದೆ. ಅದೇ 1983ರಲ್ಲಿ, ಅದೇ ‘ಬ್ರೇನ್’ ಪತ್ರಿಕೆಯಲ್ಲಿ ಬೆಂಜಮಿನ್ ಲಿಬೆಟ್ ಮತ್ತು ಸಂಗಡಿಗರ ಪ್ರಸಿದ್ಧ ಪ್ರಯೋಗವೂ ಪ್ರಕಟವಾಯಿತು. ಆರೋಗ್ಯವಂತರಿಗೆ, ನಿಮಗೆ ಮನಸ್ಸು ಬಂದಾಗ ಕೈಯನ್ನು ಆಡಿಸಿ ಎಂದು ಹೇಳಿ ಅಳೆದಾಗ, ಕೈ ಆಡುವುದಕ್ಕೆ ಸುಮಾರು ಅರ್ಧ ಸೆಕೆಂಡು ಮೊದಲೇ ಮೆದುಳಿನಲ್ಲಿ ಸಿದ್ಧತೆಯ ವಿದ್ಯುತ್ತು ಕಾಣಿಸಿತು. ಆಡಿಸಬೇಕೆಂಬ ಮನಸ್ಸು ತಮಗೆ ಬಂದದ್ದೆಂದು ಅವರು ಹೇಳಿದ ಗಳಿಗೆ ಮಾತ್ರ ಕೇವಲ 0.2 ಸೆಕೆಂಡು ಮೊದಲಿನದು. ಹಾಗಾದರೆ ಸ್ವಾತಂತ್ರ್ಯವೆಂಬುದು ಬರೀ ಭ್ರಮೆಯೇ? ಲಿಬೆಟ್ ಹಾಗೆ ಹೇಳಲಿಲ್ಲ. ಉಳಿದ ಆ ಸಣ್ಣ ಗಳಿಗೆಯಲ್ಲಿ ಮನುಷ್ಯ ತನ್ನ ಕೈಯನ್ನು ತಡೆಯಬಲ್ಲ, ಅವನ ಸ್ವಾತಂತ್ರ್ಯ ಇರುವುದು ಅಲ್ಲಿ ಎಂದರು. ಆ ಅರ್ಧ ಸೆಕೆಂಡಿನ ವಿದ್ಯುತ್ತು ನಿಜವಾದ ತೀರ್ಮಾನವೇ ಅಲ್ಲ, ಮೆದುಳಿನ ಸಹಜ ಏರಿಳಿತವಿರಬಹುದು ಎಂದು 2012ರಲ್ಲಿ ಆರನ್ ಶುರ್ಗರ್ ಮತ್ತು ಸಂಗಡಿಗರು ವಾದಿಸಿದ್ದಾರೆ. ಆದ್ದರಿಂದ ಲಿಬೆಟ್ ಅವರ ಅಂಕೆಗಳ ಮೇಲೆ ಮನೆ ಕಟ್ಟಲು ನಾನು ಹೊರಡುವುದಿಲ್ಲ. ಆದರೆ ಒಂದೇ ವರ್ಷದ ಈ ಎರಡು ಲೇಖನಗಳು ಎರಡು ದಿಕ್ಕಿನಿಂದ ಬಂದು ಒಂದೇ ಶಬ್ದದ ಮುಂದೆ ನಿಲ್ಲುತ್ತವೆ. ಆ ಶಬ್ದ ಕನ್ನಡದಲ್ಲಿ ‘ಬೇಡ’, ಮಲಯಾಳದಲ್ಲಿ ‘ವೇಂಡ’. ಅಕ್ಕತಂಗಿಯರಂಥ ಈ ಎರಡು ಶಬ್ದಗಳನ್ನು ನಮ್ಮ ಊರಿನ ಮಕ್ಕಳು ಬಹಳ ಬೇಗ ಕಲಿಯುತ್ತಾರೆ. ಮಗು ಮೊದಲ ಬಾರಿ ತುತ್ತಿನಿಂದ ಮುಖ ತಿರುಗಿಸಿ ‘ಬೇಡ’ ಎಂದಾಗ ತಾಯಿಗೆ ಕೋಪ ಬರುತ್ತದೆ. ಆದರೆ ಮನೆಯಲ್ಲಿ ಇನ್ನೊಬ್ಬ ಮನುಷ್ಯ ಹುಟ್ಟಿದ್ದು ಆ ದಿನವೇ.

ಇಷ್ಟರವರೆಗಿನದು ಪುಸ್ತಕದ ಮಾತು. ಇದು ನನಗೆ ಪುಸ್ತಕದ ಮಾತಾಗಿ ಉಳಿಯದಿರಲು ಕಾರಣ ನನ್ನ ಸೋದರಮಾವ. ತೋಟದ ಮನೆ, ಅಚ್ಚುಕಟ್ಟಿನ ಬದುಕು. ಅರುವತ್ತು ದಾಟಿದ ಮೇಲೆ ಒಂದು ಮಳೆಗಾಲದಲ್ಲಿ ಸ್ಕೂಟರಿನಿಂದ ಬಿದ್ದು ಹಣೆಗೆ ಪೆಟ್ಟಾಯಿತು. ಜೀವ ಉಳಿಯಿತು, ಮಾತು ಉಳಿಯಿತು, ನೆನಪೂ ಬಹುಮಟ್ಟಿಗೆ ಉಳಿಯಿತು. ಮನೆಗೆ ಬಂದ ಮೇಲೆ ನಿಧಾನವಾಗಿ ಬೇರೊಂದು ಕಾಣಿಸತೊಡಗಿತು. ಎದುರಿಗೆ ಎಲೆಯಡಿಕೆಯ ಹರಿವಾಣ ಇದ್ದರೆ ವೀಳ್ಯ ಮಡಚುತ್ತಾರೆ. ಬಾಯಲ್ಲಿ ಒಂದು ಇರುವಾಗಲೇ ಇನ್ನೊಂದು. ಜಗಲಿಯ ಕೆಳಗೆ ಯಾರ ಚಪ್ಪಲಿ ಇದ್ದರೂ ಮೆಟ್ಟಿಕೊಂಡು ಅಂಗಳಕ್ಕಿಳಿಯುತ್ತಾರೆ. ನೆಂಟರ ಚೀಲದಿಂದ ಬಾಚಣಿಗೆ ಇಣುಕಿದರೆ ತೆಗೆದು ತಲೆ ಬಾಚಿಕೊಳ್ಳುತ್ತಾರೆ. ಬಂದವರಲ್ಲಿ ಕೆಲವರು ನಕ್ಕರು, ಕೆಲವರು ಮುಜುಗರಪಟ್ಟರು. ‘ಇಷ್ಟು ವರ್ಷ ಮರ್ಯಾದೆಯಿಂದ ಇದ್ದವರು, ಈಗ ಆಸೆ ಹೆಚ್ಚಾಗಿದೆ’ ಎಂದವರೂ ಇದ್ದರು. ಅದು ಆಸೆ ಅಲ್ಲ ಎಂದು ಅವರಿಗೆ ತಿಳಿಸುವುದು ಹೇಗೆ? ನಮ್ಮ ಭಾಷೆಯಲ್ಲಿ ಕೈಯನ್ನು ಚಾಚುವುದಕ್ಕೂ ಆಸೆಗೂ ಅಷ್ಟು ಹತ್ತಿರದ ಸಂಬಂಧ.

ಅತ್ತೆ ಮೊದಲು ಮಾಡಿದ ಕೆಲಸ ಎಲ್ಲವನ್ನೂ ಒಳಗಿಟ್ಟದ್ದು. ಕತ್ತಿ, ಅಡಕತ್ತರಿ, ಬೆಂಕಿಪೆಟ್ಟಿಗೆ, ಹರಿವಾಣ, ಚಪ್ಪಲಿ. ಮಾವ ಕೂರುವ ಚಾವಡಿ ಬರಿದಾಯಿತು. ಅಪಾಯ ತಪ್ಪಿತು. ಆದರೆ ಆ ಬರಿದಾದ ಚಾವಡಿಯಲ್ಲಿ ಮಾವ ಬೆಳಿಗ್ಗೆ ಕೂತಲ್ಲಿ ಸಂಜೆಯವರೆಗೂ ಕೂತೇ ಇರುತ್ತಿದ್ದರು. ಏನೂ ಬೇಕೆನ್ನುತ್ತಿರಲಿಲ್ಲ. ನನ್ನ ವಾದದ ದೌರ್ಬಲ್ಯ ನನಗೆ ಕಂಡದ್ದು ಅಲ್ಲಿ. ಸ್ವಾತಂತ್ರ್ಯವೆಂದರೆ ಬೇಡವೆನ್ನುವುದು ಮಾತ್ರವಾಗಿದ್ದರೆ, ಕರೆಯುವ ವಸ್ತುವೇ ಇಲ್ಲದ ಚಾವಡಿಯಲ್ಲಿ ಮಾವ ಎಲ್ಲರಿಗಿಂತ ಸ್ವತಂತ್ರರಾಗಿರಬೇಕಿತ್ತು. ಹಾಗಿರಲಿಲ್ಲ. ಒಳಗಿನಿಂದ ಹುಟ್ಟಬೇಕಾದ ‘ಬೇಕು’ ಕೂಡ ಬತ್ತಿತ್ತು. ವಸ್ತುವಿನ ಕರೆಗೆ ಬೇಡವೆನ್ನುವುದು ಮತ್ತು ಕರೆಯಿಲ್ಲದೆಯೂ ಬೇಕೆನ್ನುವುದು ಒಂದೇ ಶಕ್ತಿಯ ಎರಡು ಮುಖಗಳೆಂದು ಈಗ ನನಗೆ ತೋರುತ್ತದೆ. ಒಂದು ಹೋದರೆ ಇನ್ನೊಂದೂ ಹೋಗುತ್ತದೆ.

ಆಮೇಲೆ ಅತ್ತೆ ಯೋಚಿಸಿ, ಆಯ್ದ ವಸ್ತುಗಳನ್ನು ಮಾತ್ರ ಹೊರಗಿಡತೊಡಗಿದರು. ಒಂದು ದಿನ ತೆಂಗಿನ ಗರಿಗಳನ್ನು ಹತ್ತಿರ ಇಟ್ಟರು, ಹಿಡಿಸೂಡಿಗೆ ಕಡ್ಡಿ ತೆಗೆಯಲು. ಮಾವ ಒಂದೊಂದೇ ಗರಿಯನ್ನು ಸೀಳಿ ನೀಟಾಗಿ ಕಡ್ಡಿ ತೆಗೆದರು. ಮುಖದಲ್ಲಿ ಒಂದು ಬಗೆಯ ಕಳೆ ಇತ್ತು. ಇನ್ನೊಂದು ದಿನ ಒಣಗಿದ ಅಡಿಕೆಯ ರಾಶಿ. ಸುಲಿಯಲು ಕೂತವರು ಸುಲಿಯುತ್ತಲೇ ಹೋದರು. ಊಟದ ಹೊತ್ತು ಮೀರಿತು, ಬೆರಳು ಕೆಂಪಾಯಿತು, ನಿಲ್ಲಿಸಲಿಲ್ಲ. ರಾಶಿ ಮುಗಿಯುವವರೆಗೂ ನಿಲ್ಲಿಸುತ್ತಿರಲಿಲ್ಲವೋ ಏನೋ. ನೆರೆಯವರೊಬ್ಬರು ಮೆಚ್ಚಿಕೊಂಡು, ‘ಈಗ ಸುಲಿಯುವವರಿಗೆ ಎಂಥ ಕೂಲಿ ಉಂಟು ಗೊತ್ತುಂಟಲ್ಲ, ನಿಮಗೆ ಮನೆಯಲ್ಲಿಯೇ ಜನ ಆಯಿತು’ ಎಂದರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಅತ್ತೆ ಮಾವನ ಮುಂದಿನಿಂದ ರಾಶಿಯನ್ನು ಸರಿಸಿ, ‘ಅವರಿಗೆ ಬೇಡ ಹೇಳ್ಲಿಕ್ಕೆ ಆಗುವುದಿಲ್ಲ. ಹಾಗಾಗಿ ಅವರ ಬೇಡವನ್ನು ನಾನು ಹೇಳಬೇಕು’ ಎಂದರು. ಐದನೇ ಕ್ಲಾಸಿಗಿಂತ ಮುಂದೆ ಓದದ ಅತ್ತೆಯ ಈ ಮಾತಿನಷ್ಟು ನೇರವಾದ ಮಾತನ್ನು ಈ ವಿಷಯದ ಕುರಿತು ನಾನು ಎಲ್ಲಿಯೂ ಓದಿಲ್ಲ.

ಈ ಮಾತಿನಲ್ಲಿ ಒಂದು ನೀತಿಯಿದೆ, ಒಂದು ಅಪಾಯವೂ ಇದೆ. ನೀತಿ ಏನೆಂದರೆ, ಬೇಡವೆನ್ನಲಾರದವನ ಮುಂದೆ ವಸ್ತು ಇಡುವವನು ಅವನ ಕ್ರಿಯೆಯಲ್ಲಿ ಪಾಲುದಾರ. ಕತ್ತಿಯನ್ನು ಇಟ್ಟವನಿಗೆ ಕತ್ತಿಯ ಹೊಣೆಯುಂಟು. ಸಾಮಾನ್ಯವಾಗಿ ನಾವು ಹೊಣೆಯನ್ನು ಕೈಯ ತುದಿಯಲ್ಲಿ ಹುಡುಕುತ್ತೇವೆ. ಇಲ್ಲಿ ಅದು ಕೈಯಿಂದ ಸರಿದು ಮೇಜನ್ನು ಸಜ್ಜುಗೊಳಿಸಿದವನ ಹತ್ತಿರ ಹೋಗಿ ನಿಲ್ಲುತ್ತದೆ. ಲೆರ್ಮಿತ್ ಅವರ ಪ್ರಯೋಗಗಳನ್ನು ಓದುವಾಗ ನನಗೆ ಒಳಗೊಳಗೆ ಕಾಡುವ ಪ್ರಶ್ನೆಯೂ ಇದೇ. ತಡೆಯಲಾರದವನ ಮುಂದೆ ಹಾಸಿಗೆ ಹಾಸಿಟ್ಟು, ಅವನು ಬಟ್ಟೆ ಕಳಚುವುದನ್ನು ನಿಂತು ನೋಡುವುದು ಸರಿಯೇ? ಆ ನೋಟದಿಂದ ಎಷ್ಟೋ ಕುಟುಂಬಗಳಿಗೆ, ಇದು ಹಟವಲ್ಲ, ಗಾಯ ಎಂಬ ತಿಳಿವಳಿಕೆ ಸಿಕ್ಕಿದೆ. ಅದು ಸಣ್ಣ ಉಪಕಾರವಲ್ಲ. ಆದರೆ ಆ ಉಪಕಾರಕ್ಕೆ ಬೆಲೆ ತೆತ್ತವನು ಆ ಕೋಣೆಯಲ್ಲಿದ್ದ ಮನುಷ್ಯ, ಮತ್ತು ಬೇಡವೆನ್ನುವ ಶಕ್ತಿ ಅವನಿಗೆ ಇರಲಿಲ್ಲ ಎಂಬುದನ್ನು ಮರೆಯಬಾರದು.

ಅಪಾಯ ಇನ್ನೊಂದು ಬದಿಯಲ್ಲಿದೆ. ಇನ್ನೊಬ್ಬರ ಬೇಡವನ್ನು ನಾನು ಹೇಳುತ್ತೇನೆ ಎನ್ನುವವರೆಲ್ಲ ನನ್ನ ಅತ್ತೆಯಂಥವರಾಗಿರುವುದಿಲ್ಲ. ಹೆಂಡತಿಯ ಬೇಡವನ್ನು ಗಂಡ, ಮಗಳ ಬೇಡವನ್ನು ತಂದೆ, ಪ್ರಜೆಯ ಬೇಡವನ್ನು ಅರಸ ಹೇಳುತ್ತ ಬಂದ ಚರಿತ್ರೆ ನಮ್ಮದು. ಅವರೆಲ್ಲರೂ ನಿನ್ನ ಒಳ್ಳೆಯದಕ್ಕೆ ಎಂದೇ ಹೇಳಿದ್ದಾರೆ. ವ್ಯತ್ಯಾಸವನ್ನು ಗುರುತಿಸುವುದು ಹೇಗೆ? ಒಂದು ಪರೀಕ್ಷೆ ನನಗೆ ತೋಚುತ್ತದೆ. ಆ ಬೇಡದಿಂದ ಲಾಭ ಯಾರಿಗೆ ಎಂದು ಕೇಳಬೇಕು. ಅಡಿಕೆಯ ರಾಶಿಯನ್ನು ಸರಿಸಿದ್ದರಿಂದ ಅತ್ತೆಗೆ ನಷ್ಟವೇ ಆಯಿತು, ಆ ಕೆಲಸಕ್ಕೆ ಕೂಲಿ ಕೊಡಬೇಕಾಯಿತು. ಮತ್ತೊಂದು: ಮಾವ ಮೊದಲು ಏನನ್ನು ಒಪ್ಪುತ್ತಿದ್ದರು, ಏನನ್ನು ತಳ್ಳುತ್ತಿದ್ದರು ಎಂಬುದನ್ನು ಅತ್ತೆ ನಲುವತ್ತು ವರ್ಷ ನೋಡಿದ್ದರು. ತನ್ನ ಬೇಡವನ್ನು ಅವರ ಬಾಯಲ್ಲಿಡದೆ, ಅವರ ಹಳೆಯ ಬೇಡವನ್ನೇ ನೆನಪಿಟ್ಟು ಹೇಳುತ್ತಿದ್ದರು.

ಕಾನೂನು ಈ ಪ್ರಶ್ನೆಯ ಹತ್ತಿರ ಬಂದು ನಿಂತಿದೆ, ಒಳಗೆ ಬಂದಿಲ್ಲ. 1860ರ ದಂಡಸಂಹಿತೆಯ 84ನೇ ಕಲಮು, ಈಗ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 22ನೇ ಕಲಮು, ಕೇಳುವ ಪ್ರಶ್ನೆ ಅರಿವಿನದು: ಮನಸ್ಸಿನ ಅಸ್ವಸ್ಥತೆಯಿಂದಾಗಿ ಇವನಿಗೆ ತಾನು ಮಾಡುವುದರ ಸ್ವರೂಪವಾಗಲಿ, ಅದು ತಪ್ಪೆಂಬುದಾಗಲಿ ತಿಳಿಯಲಾಗದೆ ಹೋಯಿತೇ? ತಿಳಿದೂ ತಡೆಯಲಾಗದವನ ಕುರಿತು ಆ ಮಾತುಗಳು ಏನನ್ನೂ ಹೇಳುವುದಿಲ್ಲ. ಅಂಗಡಿಯ ಬಾಚಣಿಗೆಯನ್ನೆತ್ತಿ ತಲೆ ಬಾಚಿಕೊಂಡು ಹೊರಟವನನ್ನು, ಕದಿಯುವ ಉದ್ದೇಶವಿರಲಿಲ್ಲ ಎಂಬ ಕಾರಣಕ್ಕೆ ನ್ಯಾಯಾಲಯ ಬಿಟ್ಟುಬಿಡಬಹುದು. ಆದರೆ ಎಲ್ಲ ವಸ್ತುಗಳೂ ಬಾಚಣಿಗೆಯಷ್ಟು ನಿರುಪದ್ರವಿಯಲ್ಲ.

ಇನ್ನು ಉಳಿದದ್ದು ನಮ್ಮ ಮಾತು, ಹಣೆಯ ಹಿಂದಿನ ಹಾಲೆ ಸರಿಯಾಗಿಯೇ ಇರುವವರದು. ಮಾವನ ಸ್ಥಿತಿಯನ್ನು ನಮ್ಮ ದೌರ್ಬಲ್ಯಗಳಿಗೆ ನೆಪವಾಗಿ ಬಳಸುವುದು ಅವರಿಗೆ ಮಾಡುವ ಅವಮಾನ. ನಮಗೆ ‘ಅಯ್ಯೋ’ ಬರುತ್ತದೆ, ಆದ್ದರಿಂದ ನಮ್ಮ ಹೊಣೆ ನಮಗುಂಟು. ಆದರೆ ಮೇಜನ್ನು ಸಜ್ಜುಗೊಳಿಸುವವರಿಗೆ ನಮ್ಮ ಕೈಯ ಸ್ವಭಾವ ಚೆನ್ನಾಗಿ ಗೊತ್ತು. ಚಹದಂಗಡಿಯ ಬಾಗಿಲಲ್ಲಿಯೇ ಲಾಟರಿ ಟಿಕೇಟಿನ ಹಲಗೆ ನಿಂತಿರುತ್ತದೆ; ಕೇರಳ ಸರಕಾರ ಲಾಟರಿ ತೊಡಗಿಸಿದ್ದು 1967ರಲ್ಲಿ. ಅಂಗಿಯ ಕಿಸೆಯಲ್ಲಿರುವ ಫೋನು ಕರೆಯದಿದ್ದರೂ ಕೈ ಅದರತ್ತ ಹೋಗುತ್ತದೆ; ಹಾಗೆ ಹೋಗಲೆಂದೇ ಅದನ್ನು ರೂಪಿಸಿದವರಿದ್ದಾರೆ. ನೋಡಿ, ಕೊಂಡವನೂ ನೋಡಿದವನೂ ನಾವೇ, ನಮ್ಮದೇನು ತಪ್ಪು ಎಂದು ಅವರು ಹೇಳಬಹುದು. ಆ ಮಾತಿನಲ್ಲಿ ಅರ್ಧ ಸತ್ಯವಿದೆ. ಉಳಿದರ್ಧ, ಹೂಜಿಯನ್ನೂ ಲೋಟವನ್ನೂ ಪಕ್ಕಪಕ್ಕದಲ್ಲಿ ಇಟ್ಟವನ ಹತ್ತಿರ ಇದೆ.

ಹೀಗಾಗಿ ನನ್ನ ಅಭಿಪ್ರಾಯ ಇಷ್ಟು: ಸ್ವಾತಂತ್ರ್ಯವನ್ನು ನಾವು ತಲೆಬುರುಡೆಯೊಳಗಿನ ಒಡವೆಯೆಂದು ತಿಳಿದುಕೊಂಡಿದ್ದೇವೆ, ಅದು ಅರ್ಧ ಒಳಗಿದೆ, ಅರ್ಧ ಹೊರಗೆ. ನಮ್ಮ ಎದುರಿಗೆ ಏನು ಇಡಲಾಗಿದೆ, ಯಾರು ಇಟ್ಟರು, ಯಾಕೆ ಇಟ್ಟರು ಎಂಬುದೂ ಅದರ ಭಾಗ. ಒಳಗಿನ ಅರ್ಧ ಒಡೆದವರಿಗೆ ಹೊರಗಿನ ಅರ್ಧವನ್ನು ಸರಿಯಾಗಿ ಇಟ್ಟುಕೊಡುವುದು ಅವರ ಸ್ವಾತಂತ್ರ್ಯವನ್ನು ಕಸಿಯುವುದಲ್ಲ, ಉಳಿದದ್ದನ್ನು ಕಾಯುವುದು. ಮಕ್ಕಳಿಗೆ, ವೃದ್ಧರಿಗೆ, ಮರೆವಿಗೆ ಸಿಕ್ಕಿದವರಿಗೆ, ಕುಡಿತ ಬಿಡಲು ಹೆಣಗುತ್ತಿರುವವರಿಗೆ ಇದನ್ನು ಮಾಡುವವರು ನಮ್ಮ ಮನೆಗಳಲ್ಲಿ ಇದ್ದಾರೆ. ಹೆಚ್ಚಾಗಿ ಹೆಂಗಸರು. ಬೆಳಿಗ್ಗೆದ್ದು ಯಾವ ವಸ್ತು ಹೊರಗಿರಬೇಕು, ಯಾವುದು ಒಳಗಿರಬೇಕು ಎಂದು ಯೋಚಿಸಿ ಇಡುವ ಅವರ ಕೆಲಸಕ್ಕೆ ನಾವು ಮನೆಗೆಲಸವೆಂದು ಹೆಸರಿಟ್ಟಿದ್ದೇವೆ. ನೀತಿಶಾಸ್ತ್ರದ ಪುಸ್ತಕಗಳಲ್ಲಿ ಅದಕ್ಕೆ ಇನ್ನೂ ಒಂದು ಅಧ್ಯಾಯ ಬರಬೇಕಾಗಿದೆ.